ಮಗ್ಗ ನಿಂತ ಹೊತ್ತಿನ ಕ್ವಾರ್ಟೆಟ್

ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಒಮ್ಮೆ ಚಪ್ಪಾಳೆ ತಟ್ಟಿ ನೋಡುವ ಚಟ ನನಗಿದೆ. ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡು ಸೋತಿದ್ದೇನೆ. ಅಲ್ಲಿನ ಗೋಡೆಗಳು ಸದ್ದನ್ನು ನುಂಗಿಬಿಡುತ್ತವೋ, ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತವೋ, ಮುಖಕ್ಕೇ ವಾಪಸು ಎಸೆಯುತ್ತವೋ ಎಂದು ತಿಳಿಯುವ ತನಕ ಕೈ ಸುಮ್ಮನಿರುವುದಿಲ್ಲ. ಕಳೆದ ವಾರ ಓರಗಿತ್ತಿಯ ಮಗನಿಗೆ ಹೆಣ್ಣು ನೋಡಲು ದೇವನಹಳ್ಳಿಗೆ ಹೋಗಿದ್ದೆವು. ಹುಡುಗಿ ಕಾಫಿ ತಟ್ಟೆ ಹಿಡಿದು ಆಗಷ್ಟೇ ಬಾಗಿಲಿಗೆ ಬಂದಿದ್ದಳು. ಹಳೇ ಕಾಲದ ಎತ್ತರದ ಹಜಾರ, ನನ್ನ ಕೈ ತಡೆಯಲಿಲ್ಲ. ಹುಡುಗಿಯ ಸೋದರಮಾವ ಸಂಬಂಧ ಕುದುರಿತೆಂದು ತಿಳಿದು ತಾವೂ ತಟ್ಟಿದರು. ಅವರನ್ನು ನೋಡಿ ಉಳಿದವರೆಲ್ಲ ತಟ್ಟಿದರು. ನಮ್ಮ ಹುಡುಗ ಇನ್ನೂ ಆಕೆಯ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಅವನಿಗೆ ಹುಡುಗಿ ಒಪ್ಪಿಗೆಯಾದಳು ಎಂಬುದು ನನ್ನ ಪುಣ್ಯ.

ಈ ಚಟ ಕಸುಬಿನಿಂದ ಅಂಟಿದ್ದು. ನಾನು ವಿಯೋಲಾ ನುಡಿಸುವವಳು. ಹಾಗೆಂದರೇನು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ನನಗೆ ಅಭ್ಯಾಸವಾಗಿದೆ. ನೋಡಲು ವಯಲಿನ್ ಹಾಗೇ ಇರುತ್ತದೆ, ಸ್ವಲ್ಪ ದೊಡ್ಡದು, ದನಿ ತುಸು ಕೆಳಗಿನದು. ಸಿನಿಮಾ ಹಾಡಿನಲ್ಲಿ ವಯಲಿನ್ ಅಳುತ್ತದೆ, ಕೊಳಲು ನಗುತ್ತದೆ, ವಿಯೋಲಾ ಮಧ್ಯದಲ್ಲಿ ಕೂತು ಹೂಂಗುಟ್ಟುತ್ತದೆ. ಇಪ್ಪತ್ತೈದು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಾನು ಹೀಗೆ ಹೂಂಗುಟ್ಟಿದ್ದೇನೆ. ನಮ್ಮಮ್ಮ ಟಿವಿಯಲ್ಲಿ ಹಾಡು ಬಂದಾಗೆಲ್ಲ ಅಕ್ಕಪಕ್ಕದವರನ್ನು ಕರೆದು, ಇದರಲ್ಲಿ ನಮ್ಮ ಸುಧಾ ಬಾರಿಸಿದಾಳೆ ಎಂದು ತೋರಿಸುತ್ತಿದ್ದರು. ಎಲ್ಲಿ, ಯಾವ ದನಿ ಎಂದು ಯಾರಾದರೂ ಕೇಳಿದರೆ ಮಾತ್ರ ಅಮ್ಮ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು.

ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರ. ಮನೆಯ ಮುಂಭಾಗದಲ್ಲಿ ಎರಡು ವಿದ್ಯುತ್ ಮಗ್ಗ, ಹಿಂಭಾಗದಲ್ಲಿ ನಾವು. ಬೀದಿಯ ಎಲ್ಲ ಮನೆಗಳೂ ಹಾಗೆಯೇ. ಮಾತು ಎಂದರೆ ನಮಗೆ ಕೂಗು. ಊರಿಗೆ ಹೊಸದಾಗಿ ಬಂದ ನೆಂಟರು, ಈ ಮನೆಯಲ್ಲಿ ಬೆಳಗಿನಿಂದ ಜಗಳವೇ ಎಂದುಕೊಂಡು ಒಂದೇ ದಿನಕ್ಕೆ ಹೊರಟುಬಿಡುತ್ತಿದ್ದರು. ವಿಯೋಲಾಗೆ ಬರುವ ಮೊದಲು ಆ ಟಕಟಕದಲ್ಲೇ ನಾನು ವಯಲಿನ್ ಅಭ್ಯಾಸ ಮಾಡಿದ್ದು. ಸದ್ದಿನ ಮೇಲೆ ನನ್ನ ಸ್ವರ ನನಗೇ ಕೇಳಲೆಂದು ಕಮಾನನ್ನು ಒತ್ತಿ ಒತ್ತಿ ಎಳೆಯುತ್ತಿದ್ದೆ. ಮರ ಕುಯ್ಯುವ ಕೆಲಸಕ್ಕೆ ಹೋಗಮ್ಮ, ಚೆನ್ನಾಗಿ ಬರುತ್ತೆ ಎಂದು ಮೊದಲ ಗುರುಗಳು ಹೇಳಿದ್ದುಂಟು. ವೋಲ್ಟೇಜ್ ಇಳಿದು ಮಗ್ಗ ನಿಧಾನವಾದರೆ ನನ್ನ ತಾಳವೂ ನಿಧಾನವಾಗುತ್ತಿತ್ತು. ನಡುವೆ ಕರೆಂಟ್ ಹೋದರೆ ಕೈಕಾಲೇ ಆಡುತ್ತಿರಲಿಲ್ಲ. ಬೇರೆ ಮಕ್ಕಳು ಸದ್ದಿಗೆ ಬೆಚ್ಚಿ ಏಳುತ್ತಾರೆ. ನಮ್ಮ ಬೀದಿಯ ಮಕ್ಕಳು ಮಗ್ಗ ನಿಂತರೆ ಬೆಚ್ಚಿ ಏಳುತ್ತಿದ್ದವು.

ನಾನು ಹೇಳಹೊರಟಿದ್ದು ಮೇಷ್ಟ್ರ ವಿಷಯ. ಅವರು ದೊಡ್ಡ ಸಂಗೀತ ನಿರ್ದೇಶಕರು. ವಾದ್ಯದವರೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಪ್ರಬಂಧ ಬಿಟ್ಟು ಅವರ ಹಾಡು ಗುನುಗಲು ಶುರುಮಾಡುತ್ತೀರಿ. ಆಟೋದಲ್ಲಿ, ಮದುವೆಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಅವರ ಹಾಡಿಲ್ಲದೆ ನಮ್ಮ ಕಡೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಅಂಥವರು ಒಂದು ದಿನ ರೆಕಾರ್ಡಿಂಗ್ ಬೇಗ ಮುಗಿದು ಊಟಕ್ಕೆ ಇನ್ನೂ ಹೊತ್ತಿದ್ದಾಗ, ಕೈಚೀಲದಿಂದ ನಾಲ್ಕು ಹಾಳೆ ತೆಗೆದರು. ಎರಡು ವಯಲಿನ್, ಒಂದು ವಿಯೋಲಾ, ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ಒಂದು ಚೆಲ್ಲೊ. ಯಾವ ಸಿನಿಮಾಗೆ ಎಂದು ಕೇಳಿದೆ. ಯಾವ ಸಿನಿಮಾಗೂ ಅಲ್ಲಮ್ಮ, ಸುಮ್ಮನೆ ಬರೆದದ್ದು ಎಂದು ನಾಚಿಕೊಂಡರು. ಅಷ್ಟು ದೊಡ್ಡ ಮನುಷ್ಯ ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನುಡಿಸಲು ಕೂತೆವು. ಎರಡನೆಯ ಭಾಗದಲ್ಲಿ ಒಂದು ಜಾಗ ಬಂತು. ಉಳಿದ ಮೂವರೂ ನಿಲ್ಲಿಸುತ್ತಾರೆ, ವಿಯೋಲಾ ಒಂದೇ ಹಾಡುತ್ತದೆ. ನನಗೆ ಅಂಥದ್ದು ಜನ್ಮದಲ್ಲಿ ಬಂದಿರಲಿಲ್ಲ. ಎರಡು ಸಾಲು ನುಡಿಸಿದ ಮೇಲೆ ಸುತ್ತಲೂ ಯಾರೂ ನುಡಿಸುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಎಲ್ಲರೂ ಸುಮ್ಮನಿದ್ದಾರೆ, ನಾನೊಬ್ಬಳೇ ಬಾರಿಸುತ್ತಿದ್ದೇನೆ, ಹಾಗಾದರೆ ತಪ್ಪಿರುವವಳು ನಾನೇ ಎಂದು ಹೆದರಿ ನಿಲ್ಲಿಸಿಬಿಟ್ಟೆ. ಮೊದಲ ವಯಲಿನ್ನಿನ ಶ್ರೀಧರಣ್ಣ ಹಲ್ಲುಕಚ್ಚಿ, ನುಡ್ಸಮ್ಮ ಎಂದರು. ಮತ್ತೆ ಶುರುಮಾಡಿದೆ, ಆದರೆ ಒಂದು ಸ್ವರವೂ ನೆಟ್ಟಗೆ ಬರಲಿಲ್ಲ. ಹೇಗೋ ಕೊನೆ ಮುಟ್ಟಿದೆವು. ಮೇಷ್ಟ್ರು ಹಾಳೆಗಳನ್ನು ಒಂದೊಂದಾಗಿ ಎತ್ತಿ ಕೈಚೀಲಕ್ಕೆ ಸೇರಿಸಿ, ಊಟ ಮಾಡ್ಕೊಂಡು ಬನ್ನಿ ಎಂದರು. ಆ ಹಾಳೆಗಳನ್ನು ಅವರು ಮತ್ತೆಂದೂ ಹೊರಗೆ ತೆಗೆಯಲಿಲ್ಲ. ಕೆಲವು ವರ್ಷಗಳಲ್ಲಿ ಅವರು ಹೋಗಿಯೇಬಿಟ್ಟರು. ನನ್ನಿಂದಾಗಿಯೇ ಆ ಸಂಗೀತ ಚೀಲ ಸೇರಿತು ಎಂಬ ಅಳುಕು ಮಾತ್ರ ನನ್ನಲ್ಲಿ ಉಳಿಯಿತು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಹೋದ ವರ್ಷ ಮೇಷ್ಟ್ರ ಮಗಳು ವಸುಂಧರಾ ಬೂದಿಗೆರೆ ಕಡೆಯ ಹೊಸ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದರು. ಸಾಮಾನು ಕಟ್ಟುವಾಗ ಅಪ್ಪನ ಪುಸ್ತಕಗಳ ನಡುವೆ ಆ ಹಾಳೆಗಳು ಸಿಕ್ಕವು. ಒಂದಲ್ಲ, ಅಂಥ ಮೂರು ಕೃತಿ. ಇವನ್ನು ಯಾರಾದರೂ ನುಡಿಸಿ ರೆಕಾರ್ಡ್ ಮಾಡಿಯಾರೇ ಎಂದು ಆಕೆ ಶ್ರೀಧರಣ್ಣನಿಗೆ ಫೋನ್ ಮಾಡಿದರು. ಆ ವೇಳೆಗೆ ನಮ್ಮದೇ ಒಂದು ಕ್ವಾರ್ಟೆಟ್, ಎಂದರೆ ನಾಲ್ಕು ತಂತಿವಾದ್ಯಗಳ ಮೇಳ, ಇತ್ತು. ಶ್ರೀಧರಣ್ಣ, ನಾನು, ಎರಡನೆಯ ವಯಲಿನ್ನಿಗೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಅನಿತಾ, ಚೆಲ್ಲೊಗೆ ಜೋಸೆಫ್. ಹೆಸರಿಗೆ ಕ್ವಾರ್ಟೆಟ್, ಕೆಲಸ ಆರತಕ್ಷತೆಗಳಲ್ಲಿ ಜನ ಊಟ ಮಾಡುವಾಗ ಮೂಲೆಯಲ್ಲಿ ಕೂತು ಹಳೆಯ ಹಾಡು ನುಡಿಸುವುದು. ಹೋಳಿಗೆ ಬಡಿಸುವ ಹೊತ್ತಿಗೆ ನಾವಿದ್ದೇವೆಂದೇ ಜನ ಮರೆತಿರುತ್ತಾರೆ.

ಹಾಳೆಗಳು ಬಂದ ದಿನ ನಾನು ಮೊದಲು ಹುಡುಕಿದ್ದು ಆ ಜಾಗವನ್ನು. ಸಿಕ್ಕಿತು. ನಾನು ಹೆದರಿ ನಿಲ್ಲಿಸಿದ ಕಡೆ, ಸರಿಯಾಗಿ ಅದೇ ಸ್ವರದ ಪಕ್ಕ, ಒಂದು ನಿಲುಗಡೆಯ ಗುರುತು ಇತ್ತು. ಮಿಕ್ಕ ಬರಹವೆಲ್ಲ ಕಪ್ಪು ಶಾಯಿ, ಇದೊಂದು ನೀಲಿ ಬಾಲ್‌ಪೆನ್. ಅವತ್ತು ನಾನು ನುಡಿಸಿದ ಹಾಳೆಯಲ್ಲಿ ಇದು ಇರಲಿಲ್ಲ.  ಹಾಳೆಯನ್ನು ಶ್ರೀಧರಣ್ಣನ ಮುಂದೆ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಅವತ್ತು ನೀನು ನಿಲ್ಸಿದ್ದು ಇಲ್ಲೇ ಅಲ್ವೇನಮ್ಮ?"

ಅವರಿಗೂ ನೆನಪಿತ್ತು! ಇಷ್ಟು ವರ್ಷ ನನ್ನೊಬ್ಬಳ ಗುಟ್ಟು ಎಂದುಕೊಂಡಿದ್ದೆ. ಹೌದೆಂದು ತಲೆಯಾಡಿಸಿದೆ. ಮೇಷ್ಟ್ರಿಗೆ ಆ ಮೌನ ಹಿಡಿಸಿತೋ, ತಾವೇ ಮುಂದೆಂದೋ ಯೋಚಿಸಿ ಹಾಕಿದರೋ, ಈಗ ಕೇಳುವುದು ಯಾರನ್ನು?

"ಸರಿ, ಈ ಸಲ ಧೈರ್ಯವಾಗಿ ನಿಲ್ಸು" ಎಂದರು ಶ್ರೀಧರಣ್ಣ.

ಇನ್ನು ಜಾಗ. ಸ್ಟುಡಿಯೋದಲ್ಲಿ ಒಬ್ಬೊಬ್ಬರನ್ನು ಒಂದೊಂದು ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಈ ಸಂಗೀತಕ್ಕೆ ನಾವು ನಾಲ್ವರೂ ಒಬ್ಬರ ಉಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರ ಕೂರಬೇಕಿತ್ತು. ಸದ್ದನ್ನು ಪ್ರೀತಿಯಿಂದ ಇಟ್ಟುಕೊಳ್ಳುವ ಕೋಣೆ ಬೇಕಿತ್ತು. ಬೆಂಗಳೂರಲ್ಲಿ ಕಂಡ ಕಂಡ ಸಭಾಂಗಣಗಳಲ್ಲಿ ಚಪ್ಪಾಳೆ ತಟ್ಟಿದೆ. ಒಂದು ಕಡೆ ಕಾವಲುಗಾರ ನನ್ನನ್ನು ಗೇಟಿನವರೆಗೆ ಬಿಟ್ಟುಬಂದ. ಕೊನೆಗೆ ಹಬ್ಬಕ್ಕೆಂದು ಊರಿಗೆ ಹೋದಾಗ ಅಣ್ಣ ನಾಗರಾಜ ಏನೋ ತರಲು ನಮ್ಮ ಬೀದಿಯ ನೇಕಾರರ ಹಳೆಯ ದಾಸ್ತಾನು ಮನೆಯ ಬೀಗ ತೆಗೆದ. ಒಂದು ಕಾಲಕ್ಕೆ ನೂಲಿನ ಮೂಟೆ ತುಂಬಿರುತ್ತಿದ್ದ ಉದ್ದನೆಯ ಕಟ್ಟಡ, ಈಗ ಖಾಲಿ. ಗಾರೆ ಗೋಡೆ, ಮರದ ತೊಲೆ, ಮೇಲೆ ಹೆಂಚು. ತಟ್ಟಿದೆ. ಸದ್ದು ತೊಲೆಗಳವರೆಗೆ ಹೋಗಿ, ಅಲ್ಲಿ ಒಂದು ಕ್ಷಣ ಕೂತು, ನಿಧಾನಕ್ಕೆ ಇಳಿಯಿತು. ಮತ್ತೆ ಮತ್ತೆ ತಟ್ಟಿದೆ. ಹಬ್ಬದ ದಿನ ತಂಗಿಗೆ ಏನೋ ಮೈಮೇಲೆ ಬಂತೆಂದು ಅಣ್ಣ ಬಾಗಿಲಲ್ಲೇ ನಿಂತುಬಿಟ್ಟ.

ವಿಷಯ ಕೇಳಿ ಅವನು ನಕ್ಕ. ಹಬ್ಬಕ್ಕೆ ಮಗ್ಗ ನಿಂತಿದೆ, ಅದಕ್ಕೇ ನಿನಗೆ ಇದು ಕೇಳಿಸಿತು, ನಾಳೆ ಬಂದು ತಟ್ಟು ಎಂದ. ಸರಿಯೇ. ಎಡಕ್ಕೆ ಬಲಕ್ಕೆ ಎದುರಿಗೆ ಎಲ್ಲ ಕಡೆ ಮಗ್ಗ. ನಮಗಾಗಿ ಇಡೀ ಬೀದಿ ದುಡಿಮೆ ಬಿಡಲಿ ಎನ್ನುವುದು ಹೇಗೆ? ಹಬ್ಬದ ದಿನ ಎಂದರೆ ಪಟಾಕಿ, ಮೈಕು. ನಾನು ಪೆಚ್ಚಾಗಿ ಕೂತಿರುವಾಗ ಅಣ್ಣನೇ ತಲೆ ಕೆರೆದುಕೊಂಡು ದಾರಿ ಹೇಳಿದ.

"ತಂತಿ ರಿಪೇರಿಗೆ ಅಂತ ಆಗಾಗ ಹತ್ತರಿಂದ ಐದರ ತನಕ ಕರೆಂಟ್ ತೆಗೀತಾರಲ್ಲ, ಅವತ್ತು ಬಂದ್ಬಿಡಿ. ಊರೆಲ್ಲ ಬೈಕೊಂಡು ಕೂತಿರುತ್ತೆ, ನೀವು ಬಾರಿಸ್ಕೊಳ್ಳಿ."

ಅಂದಿನಿಂದ ಕರೆಂಟ್ ತೆಗೆಯುವ ಪ್ರಕಟಣೆಗೆ ನಾವು ಕಾದದ್ದು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾದ ಹಾಗಿತ್ತು. ಅಣ್ಣನ ಫೋನ್ ಬಂದ ದಿನ ಅನಿತಾ ಪಾಠ ಹೇಳುತ್ತಿದ್ದ ಶಾಲೆಗೆ ರಜೆ ಹಾಕಿದಳು. ಜೋಸೆಫ್ ಒಂದು ಆರತಕ್ಷತೆಯನ್ನೇ ಬಿಟ್ಟ. ರೆಕಾರ್ಡಿಂಗ್ ಮಾಡುವ ಇಮ್ರಾನ್ ಬ್ಯಾಟರಿಯಲ್ಲಿ ನಡೆಯುವ ಯಂತ್ರ ಹೊಂದಿಸಿಕೊಂಡ. ಕರೆಂಟ್ ತೆಗೆಯುವ ದಿನ ಬೆಳಗಿನ ರೈಲು ಹತ್ತಿದೆವು. ಚೆಲ್ಲೊಗೆ ಕಿಟಕಿ ಪಕ್ಕದ ಜಾಗ ಕೊಟ್ಟು ಜೋಸೆಫ್ ನಿಂತುಕೊಂಡ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಹೊರಟಿದ್ದ ಹೆಂಗಸೊಬ್ಬರು ಅದರ ಎತ್ತರ ಅಳೆದು ನೋಡಿ, ಇದಕ್ಕೂ ಟಿಕೆಟ್ ತಗೊಂಡಿದೀರಾ ಎಂದು ವಿಚಾರಿಸಿದರು.

ವಸುಂಧರಾ ಬೂದಿಗೆರೆಯಿಂದ ನೇರವಾಗಿ ಬಂದು ಗೋಡೆ ಪಕ್ಕ ಕುರ್ಚಿ ಹಾಕಿಕೊಂಡರು. ಹತ್ತು ಗಂಟೆಗೆ ಸರಿಯಾಗಿ ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಕಿವಿಯಿಂದ ಹತ್ತಿ ತೆಗೆದಂತಾಯಿತು. ದೂರದಲ್ಲಿ ಯಾರೋ ಒಗ್ಗರಣೆ ಹಾಕಿದ್ದು, ಬೀದಿ ಕೊನೆಯಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿದ್ದು, ಎಲ್ಲವೂ ಕೇಳಿತು. ಇಮ್ರಾನ್ ಹೆಬ್ಬೆರಳು ಎತ್ತಿದ. ಶ್ರೀಧರಣ್ಣ ಕಮಾನು ಎತ್ತಿದರು. ಅಷ್ಟರಲ್ಲಿ ಪಕ್ಕದ ಗೋಡೆಯಾಚೆ ಡಬಡಬ ಎಂದು ಜನರೇಟರ್ ಶುರುವಾಯಿತು.

ಅದು ಪುಟ್ಟರಾಜು ಅವರದು. ನಾಲ್ಕು ಮಗ್ಗದ ಯಜಮಾನರು, ಅದೇ ವಾರ ಹೊಸದಾಗಿ ಜನರೇಟರ್ ಇಟ್ಟಿದ್ದರು. ಇದನ್ನು ಅಣ್ಣ ನಮಗೆ ಹೇಳಿಯೇ ಇರಲಿಲ್ಲ, ಏಕೆಂದರೆ ಅವನಿಗೇ ಗೊತ್ತಿರಲಿಲ್ಲ. ಮಳೆನೀರಿನ ಮೋರಿ ಯಾರ ಕಡೆ ತಿರುಗಬೇಕೆಂಬ ವಿಷಯಕ್ಕೆ ಅವರಿಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ನೀನು ಹೋಗಿ ಕೇಳು ಎಂದೆ. ಅಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡನೇ ಹೊರತು ಕದಲಲಿಲ್ಲ. ನಾನೇ ಹೋದೆ.

ಪುಟ್ಟರಾಜು ಜನರೇಟರ್ ಪಕ್ಕ ನಿಂತಿದ್ದರು. ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದೆ. ಮದುವೆ ಸೀರೆಯೊಂದು ಮಗ್ಗದ ಮೇಲಿದೆ, ಸೆರಗು ಬಾಕಿ, ಮಧ್ಯಾಹ್ನದ ತನಕ ನಿಲ್ಲಿಸಲು ಆಗುವುದಿಲ್ಲ ಎಂದು ಅವರೂ ಕೂಗಿದರು. ನಾವು ನುಡಿಸುವುದು ಯಾರ ಸಂಗೀತ ಎಂದು ಹೇಳಿದೆ. ಅವರು ಹತ್ತಿರ ಬಂದರು.

"ಅವರ ಹಾಡಾ?"

"ಅವರದ್ದೇ. ಆದ್ರೆ ಹಾಡಲ್ಲ. ಇದುವರೆಗೂ ಯಾರೂ ಕೇಳಿಲ್ಲ."

ಪುಟ್ಟರಾಜು ನಮ್ಮ ಮನೆಯ ಕಡೆ ಒಮ್ಮೆ ನೋಡಿದರು. "ನೋಡಮ್ಮ, ನಿಮ್ಮಣ್ಣ ಬಂದು ಒಂದು ಮಾತು ಕೇಳಿದ್ರೆ ಈಗ್ಲೇ ನಿಲ್ಲಿಸ್ತೀನಿ."

ಮಾತನ್ನು ತಂದು ಅಣ್ಣನಿಗೆ ಒಪ್ಪಿಸಿದೆ. ಅವನು ದಾಸ್ತಾನು ಮನೆಯ ಮೆಟ್ಟಿಲ ಮೇಲೆ ಕೂತ. ಟವೆಲ್ಲಿನ ಅಂಚನ್ನು ಸುರುಳಿ ಸುತ್ತಿದ, ಬಿಚ್ಚಿದ. ಒಳಗೆ ನಾಲ್ಕು ವಾದ್ಯ ಕಾಯುತ್ತಿದ್ದವು, ಗಡಿಯಾರ ಓಡುತ್ತಿತ್ತು. ಎರಡು ವರ್ಷದ ಹಟವನ್ನು ಒಂದು ಬೆಳಿಗ್ಗೆ ಬಿಡು ಎಂದು ಕೇಳುವ ಯೋಗ್ಯತೆ ನನಗೇನಿತ್ತು? ಕೊನೆಗೆ ಅವನು ಎದ್ದು ಹೋದ. ಅಲ್ಲಿ ಏನು ಮಾತಾಯಿತೋ ನನಗೆ ಇಂದಿಗೂ ತಿಳಿಯದು. ಸ್ವಲ್ಪ ಹೊತ್ತಿಗೆ ಜನರೇಟರ್ ಕೆಮ್ಮಿ ನಿಂತಿತು. ಇಬ್ಬರೂ ಒಟ್ಟಿಗೆ ಬಂದರು, ಒಬ್ಬರ ಮುಖ ಒಬ್ಬರು ನೋಡದೆ. ಆದರೆ ಒಂದೇ ಬೆಂಚಿನ ಮೇಲೆ ಕೂತರು.

ಮೊದಲ ಕೃತಿ ಶುರುವಾಯಿತು. ಕೆಲಸವಿಲ್ಲದೆ ಜಗಲಿಗಳಲ್ಲಿ ಕೂತಿದ್ದ ಬೀದಿಯವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಇಮ್ರಾನ್ ಅವರನ್ನು ಕಳಿಸಿಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಬನ್ನಿ ಬನ್ನಿ ಎಂದು ಕೈಬೀಸಿ ಕರೆದ. ಖಾಲಿ ಕೋಣೆಯಲ್ಲಿ ಸದ್ದು ಸ್ವಲ್ಪ ಹೆಚ್ಚೇ ಉಳಿಯುತ್ತಿತ್ತಂತೆ. ಜನ ಕೂತಷ್ಟೂ ಹದಕ್ಕೆ ಬಂತು. ಮೊಬೈಲುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿ ಆಚೆ ಇಟ್ಟ, ನುಡಿಸುವಾಗ ಏಳಬಾರದು, ಕೆಮ್ಮಬಾರದು ಎಂದು ಹೇಳಿದ. ಸೀರೆ ನೇಯುವವರು, ಬಣ್ಣ ಹಾಕುವವರು, ಲಾಳಿಗೆ ತುಂಬುವ ನೂಲನ್ನು ಕಡ್ಡಿಗೆ ಸುತ್ತುವ ರತ್ನಮ್ಮ ಎಲ್ಲರೂ ಚಾಪೆಯ ಮೇಲೆ ಕೂತರು. ಹುಟ್ಟಿದಾಗಿನಿಂದ ಸದ್ದಿನಲ್ಲೇ ಬದುಕಿದ ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಸಂಗೀತ ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಮೇಷ್ಟ್ರ ಹಾಡುಗಳಲ್ಲಿ ಎರಡನೆಯ ಸಾಲು ಕೇಳುವ ಮೊದಲೇ ನಮಗೆ ಗೊತ್ತಿರುತ್ತಿತ್ತು. ಇಲ್ಲಿ ಹಾಗಲ್ಲ. ಈಗ ಬಂತು ನಮ್ಮ ಹಳೇ ಪಲ್ಲವಿ ಅನ್ನುವಷ್ಟರಲ್ಲಿ ಅದು ಓಣಿ ಹಿಡಿದು ಬೇರೆಲ್ಲಿಗೋ ಹೊರಟುಹೋಗುತ್ತಿತ್ತು. ಎಲ್ಲರನ್ನೂ ಮೆಚ್ಚಿಸಿ ಸಾಕಾದ ಮನುಷ್ಯ ಬಾಗಿಲು ಹಾಕಿಕೊಂಡು ತನ್ನೊಂದಿಗೇ ಮಾತಾಡಿದಂತಿತ್ತು. ಎರಡು ಕೃತಿ ಮುಗಿಯಿತು. ಮೂರನೆಯದು ನನ್ನ ಕೃತಿ. ನನ್ನ ಭಯದ್ದು ಎನ್ನಿ.

ಅದರ ಎರಡನೆಯ ಭಾಗ ಬಂತು. ಮೂವರೂ ಕಮಾನು ಇಳಿಸಿದರು. ನಾನೊಬ್ಬಳೇ. ಎರಡು ಸಾಲು ನುಡಿಸಿದೆ. ನೀಲಿ ಗುರುತು ಬಂತು. ಕಮಾನು ಎತ್ತಿ ನಿಲ್ಲಿಸಿದೆ. ನನ್ನ ಕೊನೆಯ ಸ್ವರ ತೊಲೆಗಳ ಹತ್ತಿರ ಇನ್ನೂ ಇತ್ತು. ಅದು ಪೂರ್ತಿ ಇಳಿದು ಮುಗಿಯುವ ತನಕ ಕಾದೆ. ಇಡೀ ಕೋಣೆ ನನ್ನ ಜೊತೆ ಉಸಿರು ಹಿಡಿದಿತ್ತು. ಯಾರೂ ನನಗೆ ನುಡ್ಸಮ್ಮ ಎನ್ನಲಿಲ್ಲ. ನನಗೇ ಸಾಕೆನ್ನಿಸಿದಾಗ ಮತ್ತೆ ಶುರುಮಾಡಿದೆ. ಆ ಸಾಲು ನನ್ನ ವಾದ್ಯದಿಂದ ಬರುತ್ತಿದೆ ಎಂಬುದನ್ನು ನಂಬಲಾರದಷ್ಟು ಸಂತೋಷವಾಯಿತು. ಮುಗಿದಾಗ ಶ್ರೀಧರಣ್ಣ ನನ್ನತ್ತ ನೋಡಲೇ ಇಲ್ಲ, ಬಗ್ಗಿ ತಮ್ಮ ಹಾಳೆ ಸರಿಮಾಡಿಕೊಂಡರು. ಅವರ ಕಿವಿ ಕೆಂಪಾಗಿತ್ತು.

ಇನ್ನುಳಿದದ್ದು ಒಂದೇ ಭಾಗ, ವೇಗದ್ದು. ಗಂಟೆ ನಾಲ್ಕು ದಾಟಿತ್ತು. ನಾನು ತಂತಿ ಬಿಗಿ ಮಾಡುತ್ತಿದ್ದೆ, ತಲೆಯ ಮೇಲಿನ ಬಲ್ಬು ಹೊತ್ತಿಕೊಂಡಿತು.

ಹೇಳಿದ ಹೊತ್ತಿಗಿಂತ ಮೊದಲೇ ಕರೆಂಟ್ ಬಂದದ್ದು ನಮ್ಮೂರಿನ ಚರಿತ್ರೆಯಲ್ಲಿ ನನಗೆ ನೆನಪಿಲ್ಲ. ದೂರದ ಯಾವುದೋ ಬೀದಿಯಲ್ಲಿ ಮಗ್ಗವೊಂದು ಟಕಟಕ ಎಂದಿತು. ಅನಿತಾ ವಯಲಿನ್ನನ್ನು ತೊಡೆಯ ಮೇಲಿಟ್ಟಳು. ನಾವು ನಾಲ್ವರೂ ಬಾಗಿಲ ಕಡೆ ನೋಡುತ್ತ, ನಮ್ಮ ಬೀದಿಯ ಸದ್ದು ಈಗ ಬಂತು, ಈಗ ಬಂತು ಎಂದು ಕಾದೆವು. ಬರಲಿಲ್ಲ. ಯಾಕೆಂದು ಹೊಳೆಯಲು ನನಗೆ ಒಂದು ಗಳಿಗೆ ಬೇಕಾಯಿತು. ನಮ್ಮ ಬೀದಿಯ ಮಗ್ಗಗಳನ್ನು ಶುರುಮಾಡಬೇಕಾದವರೆಲ್ಲ ನಮ್ಮೆದುರು ಚಾಪೆಯ ಮೇಲೆ ಕೂತಿದ್ದರು. ಬಲ್ಬನ್ನು ಅವರೂ ನೋಡಿದ್ದರು. ಇಡೀ ದಿನದ ದುಡಿಮೆ ಹೋಗಿತ್ತು; ಇಂಥ ದಿನ ಕರೆಂಟ್ ಬಂತೆಂದರೆ ಉಣ್ಣುತ್ತಿರುವ ತುತ್ತು ಬಿಟ್ಟು ಓಡುವ ಜನ ಅವರು. ಯಾರೂ ಏಳಲಿಲ್ಲ. ಪುಟ್ಟರಾಜು ಅಣ್ಣನ ಕಿವಿಯಲ್ಲಿ ಏನೋ ಹೇಳಿದರು. ಅಣ್ಣ ಎದ್ದು ಹೋಗಿ ಬಲ್ಬಿನ ಸ್ವಿಚ್ ಆರಿಸಿ ಬಂದು ಕೂತ.

"ಬಾರಿಸಿ" ಎಂದರು ಪುಟ್ಟರಾಜು. "ಮುಗಿಸ್ಬಿಡಿ."

ಆ ಕೊನೆಯ ಭಾಗವನ್ನು ನಾವು ಹೇಗೆ ನುಡಿಸಿದೆವೋ ಕಾಣೆ. ಜೋಸೆಫನ ಹಣೆಯ ಬೆವರು ಚೆಲ್ಲೊದ ಮೇಲೆ ತೊಟ್ಟಿಕ್ಕುತ್ತಿತ್ತು. ಅನಿತಾ ನಗುತ್ತಿದ್ದಳು, ನುಡಿಸುತ್ತಲೇ. ನಾಲ್ಕು ಜನ ಒಂದು ಇಳಿಜಾರಿನಲ್ಲಿ ಕೈಕೈ ಹಿಡಿದು ಓಡಿದಂತೆ ಓಡಿ ಕೊನೆಯ ಸ್ವರದ ಮೇಲೆ ಬಂದು ನಿಂತೆವು. ಇಮ್ರಾನ್ ಬೆರಳೆತ್ತಿ ಎಲ್ಲರನ್ನೂ ತಡೆದ, ಸದ್ದು ಪೂರ್ತಿ ಇಳಿಯುವ ತನಕ. ಆಮೇಲೆ ಕೈ ಇಳಿಸಿದ. ಜನ ದಡದಡನೆ ಎದ್ದು ತಂತಮ್ಮ ಮನೆಗಳಿಗೆ ಓಡಿದರು. ನೋಡನೋಡುತ್ತಲೇ ಬೀದಿಗೆ ಬೀದಿಯೇ ಗಡಗಡ ಎಂದಿತು.

ರತ್ನಮ್ಮ ಮಾತ್ರ ಉಳಿದಿದ್ದರು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದು ವಸುಂಧರಾ ಹತ್ತಿರ ಹೋದರು. ವಸುಂಧರಾ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿಮ್ಮಪ್ಪಾರ ಸಿನಿಮಾ ಹಾಡೆಲ್ಲ ನಂಗೆ ಬಾಯಿಗೆ ಬರ್ತದೆ ಕಣವ್ವ" ಎಂದರು ರತ್ನಮ್ಮ, ಸದ್ದಿನ ಮೇಲೆ ದನಿ ಏರಿಸಿ. "ಇದು ಬರಾಕಿಲ್ಲ. ಇನ್ನೊಂದು ಕಿತ ಕೇಳಿದ್ರೆ ಬಂದ್ಬಿಡ್ತದೆ."

ಇಮ್ರಾನ್ ಆಗಲೇ ಮೈಕುಗಳನ್ನು ಪೆಟ್ಟಿಗೆಗೆ ಹಾಕಿಯಾಗಿತ್ತು. ರೈಲಿಗೆ ಹೊತ್ತಾಗಿತ್ತು. ಶ್ರೀಧರಣ್ಣ ನಮ್ಮ ಮೂವರ ಮುಖ ನೋಡಿ, ಕುರ್ಚಿಯನ್ನು ರತ್ನಮ್ಮನ ಹತ್ತಿರಕ್ಕೆ ಎಳೆದುಕೊಂಡರು. ನಾವೂ ಎಳೆದುಕೊಂಡು ಮೂರನೆಯ ಕೃತಿಯನ್ನು ಮತ್ತೆ ಶುರುಮಾಡಿದೆವು. ಅಷ್ಟು ಮಗ್ಗಗಳ ಅಬ್ಬರದಲ್ಲಿ ಒಂದು ಮಾರು ಆಚೆಗೆ ನಮ್ಮ ಸ್ವರ ಕೇಳುವಂತಿರಲಿಲ್ಲ. ರತ್ನಮ್ಮ ಚಾಪೆಯನ್ನು ಮತ್ತೂ ಹತ್ತಿರ ಸರಿಸಿಕೊಂಡು, ತಲೆ ಬಗ್ಗಿಸಿ, ನನ್ನ ವಿಯೋಲಾದ ಪಕ್ಕಕ್ಕೆ ಕಿವಿ ತಂದರು. ಎರಡನೆಯ ಸಾಲು ತಿರುಗಿ ಬರುವ ಹೊತ್ತಿಗೆ ಆಕೆ ನಮಗಿಂತ ಅರ್ಧ ಸ್ವರ ಮೇಲೆ, ಕಣ್ಣು ಮುಚ್ಚಿಕೊಂಡು, ಗಟ್ಟಿಯಾಗಿ ಹಾಡುತ್ತಿದ್ದರು.